ಹಳೆಯ ಪೇಟೆಯಲ್ಲೊಂದು ಹೊಸ ಮನೆ: ಒಂದು ವಿಮರ್ಶೆ

ಈ ಪುಟಗಳಲ್ಲಿ ಕಾದಂಬರಿಗಳ ವಿಮರ್ಶೆ ಬರುತ್ತದೆ, ನಾಟಕಗಳ ವಿಮರ್ಶೆ ಬರುತ್ತದೆ, ಊರಿನಿಂದ ಬಂದ ಮೇಳದವರು ಆಡಿದ ಯಕ್ಷಗಾನದ ಗುಣದೋಷಗಳ ಚರ್ಚೆಯೂ ನಡೆಯುತ್ತದೆ. ಇನ್ನೂರು ರೂಪಾಯಿಯ ಪುಸ್ತಕವನ್ನು ಕೊಳ್ಳುವ ಮುಂಚೆ ನಾಲ್ಕು ಜನರ ಅಭಿಪ್ರಾಯ ಕೇಳುವ ನಾವು, ಬದುಕಿನ ಗಳಿಕೆಯನ್ನೆಲ್ಲ ಸುರಿದು, ಮುಂದಿನ ಇಪ್ಪತ್ತು ವರ್ಷದ ಸಂಬಳವನ್ನೂ ಒತ್ತೆಯಿಟ್ಟು ಕೊಳ್ಳುವ ಒಂದು ವಸ್ತುವಿನ ಬಗ್ಗೆ ಮಾತ್ರ ವಿಮರ್ಶೆಯ ಮಾತನ್ನೇ ಆಡುವುದಿಲ್ಲ. ಅದು ಮನೆ. ಗೃಹಪ್ರವೇಶಕ್ಕೆ ಹೋಗುತ್ತೇವೆ, ಹೋಳಿಗೆ ಊಟ ಮಾಡುತ್ತೇವೆ, “ಮನೆ ಚೆನ್ನಾಗಿದೆ” ಎಂದು ಹೇಳಿ ಬರುತ್ತೇವೆ. ಚೆನ್ನಾಗಿರುವುದು ಯಾವುದು, ಇಲ್ಲದಿರುವುದು ಯಾವುದು ಎಂಬುದನ್ನು ಆ ಮನೆಯವರು ಒಂದೆರಡು ಮಳೆಗಾಲ ಕಳೆದ ಮೇಲೆ ತಾವಾಗಿಯೇ ತಿಳಿದುಕೊಳ್ಳುತ್ತಾರೆ.

ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ನಿರ್ದಿಷ್ಟ ಬಗೆಯ ಮನೆಯನ್ನು. ಮಾಟುಂಗಾ, ದಾದರ್, ಪರೇಲ್, ಗಿರ್ಗಾಂವ್‌ಗಳಂಥ ಮುಂಬಯಿಯ ಹಳೆಯ ಪೇಟೆಗಳಲ್ಲಿ ಹಳೆಯ ಕಟ್ಟಡವೊಂದನ್ನು ಕೆಡವಿ ಅದೇ ಜಾಗದಲ್ಲಿ ಎಬ್ಬಿಸಿದ ಎತ್ತರದ ಕಟ್ಟಡದಲ್ಲಿ, ಮುನ್ನೂರೈವತ್ತು ನಾಲ್ಕುನೂರು ಚದರಡಿಯ ಒಂದು ಹೊಸ ಫ್ಲ್ಯಾಟು. ಯಾವ ಕಟ್ಟಡದ ಹೆಸರನ್ನೂ, ಯಾವ ಬಿಲ್ಡರನ ಹೆಸರನ್ನೂ ನಾವು ಹೇಳುವುದಿಲ್ಲ. ಒಬ್ಬಿಬ್ಬರ ತಪ್ಪನ್ನು ಎತ್ತಿ ಆಡುವುದು ನಮ್ಮ ಉದ್ದೇಶವಲ್ಲ. ಈ ಬಗೆಯ ಮನೆ ಹೇಗೆ ಹುಟ್ಟಿತು, ಅದು ಏನನ್ನು ಕೊಡುತ್ತದೆ, ಏನನ್ನು ಕಸಿದುಕೊಳ್ಳುತ್ತದೆ, ನಮ್ಮಂಥವರು ಅದನ್ನು ಕೊಳ್ಳಬಹುದೇ ಎಂಬುದಷ್ಟೇ ಪ್ರಶ್ನೆ.

ಕೊಳ್ಳುವ ಆಸೆ ಯಾಕೆಂಬುದನ್ನು ವಿವರಿಸಬೇಕಾಗಿಲ್ಲ. ನಮ್ಮ ಹಿರಿಯರು ಪೇಟೆಯ ಖೋಲಿಗಳಲ್ಲಿ, ಹೋಟೆಲಿನ ಮಾಳಿಗೆಗಳಲ್ಲಿ, ಒಂದು ಕೋಣೆಯಲ್ಲಿ ಆರೆಂಟು ಜನ ಮಲಗಿ ದಿನ ಕಳೆದವರು. ಸಂಸಾರ ಬೆಳೆದಂತೆ ಮುಲುಂಡ್, ಡೊಂಬಿವಲಿ, ಭಾಯಂದರ್, ವಿರಾರ್ ಕಡೆ ಓನರ್‌ಶಿಪ್ ಬ್ಲಾಕು ಕೊಂಡು ಹೋದರು. ಜಾಗ ಸಿಕ್ಕಿತು, ಆದರೆ ದಿನದ ಮೂರು ನಾಲ್ಕು ಗಂಟೆಗಳನ್ನು ಲೋಕಲ್ ಗಾಡಿ ತಿಂದುಹಾಕಿತು. ಈಗ ಅವರ ಮಕ್ಕಳಿಗೆ ಎರಡು ಸಂಬಳ ಬರುತ್ತಿದೆ. ವಯಸ್ಸಾದ ತಂದೆತಾಯಿಯರಿಗೆ ನಡೆದು ಹೋಗುವಷ್ಟು ದೂರದಲ್ಲಿ ಡಾಕ್ಟರು, ದೇವಸ್ಥಾನ, ತರಕಾರಿ ಮಾರ್ಕೆಟ್ಟು ಇರಬೇಕು. ಮಕ್ಕಳಿಗೆ ಒಳ್ಳೆಯ ಶಾಲೆ ಹತ್ತಿರವಿರಬೇಕು. ಸಂಜೆ ಸಂಘದ ಕಾರ್ಯಕ್ರಮ ಮುಗಿಸಿ ಒಂಬತ್ತು ಗಂಟೆಗೆ ಮನೆ ಸೇರುವಂತಿರಬೇಕು. ಡೊಂಬಿವಲಿಯ ಎರಡು ಕೋಣೆಯ ಮನೆಯನ್ನು ಮಾರಿ, ಮೇಲೆ ಸಾಲ ಮಾಡಿ, ಮಾಟುಂಗಾದಲ್ಲಿ ಅದಕ್ಕಿಂತ ಸಣ್ಣ ಮನೆಯನ್ನು ಕೊಳ್ಳಲು ಹೊರಡುವವರ ಲೆಕ್ಕಾಚಾರ ಇದು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಇಲ್ಲಿ ನಾವು ತೆರುವ ಬೆಲೆಯಲ್ಲಿ ದೊಡ್ಡ ಪಾಲು ಇಟ್ಟಿಗೆ ಸಿಮೆಂಟಿಗೆ ಸಲ್ಲುವುದಿಲ್ಲ, ಪೇಟೆಗೆ ಸಲ್ಲುತ್ತದೆ. ಆದ್ದರಿಂದ ವಿಮರ್ಶೆ ಮನೆಯ ನಾಲ್ಕು ಗೋಡೆಗಳೊಳಗೆ ನಿಲ್ಲುವಂತಿಲ್ಲ. ಆ ಪೇಟೆ ಹೇಗೆ ಆಯಿತು ಎಂಬಲ್ಲಿಂದ ಅದು ಆರಂಭವಾಗಬೇಕು.

೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಒತ್ತೊತ್ತಾದ ಓಣಿಗಳಲ್ಲಿ ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ಸತ್ತರು. ಎರಡು ವರ್ಷಗಳ ನಂತರ, ೧೮೯೮ರಲ್ಲಿ, ಸರಕಾರ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ದಾದರ್, ಮಾಟುಂಗಾಗಳ ಬಯಲನ್ನು ಬಡಾವಣೆಗಳಾಗಿ ವಿಂಗಡಿಸಿದ್ದು ಈ ಟ್ರಸ್ಟೇ. ಅಗಲವಾದ ರಸ್ತೆಗಳು, ರಸ್ತೆಯ ಎರಡೂ ಬದಿಗೆ ಮರಗಳು, ನಡುನಡುವೆ ತೋಟಗಳು, ಒಂದು ಕಟ್ಟಡಕ್ಕೂ ಇನ್ನೊಂದಕ್ಕೂ ನಡುವೆ ಗಾಳಿಯಾಡುವಷ್ಟು ಜಾಗ, ನೆಲಮಹಡಿಯ ಮೇಲೆ ಎರಡು ಮೂರು ಅಂತಸ್ತು. ಮಾಟುಂಗಾದ ರಸ್ತೆಗಳಲ್ಲಿ ಇಂದಿಗೂ ಬೇಸಿಗೆಯ ನಡುಹಗಲಲ್ಲಿ ನೆರಳಿನಲ್ಲಿ ನಡೆಯಬಹುದಾದರೆ ಅದು ಯಾರೋ ಪುಣ್ಯಾತ್ಮರ ಸೌಂದರ್ಯಪ್ರೇಮದ ಫಲವಲ್ಲ. ರೋಗಕ್ಕೆ ಹೆದರಿದ ನಗರವೊಂದು ಗಾಳಿಗೂ ಬಿಸಿಲಿಗೂ ಕಾನೂನಿನಲ್ಲಿ ಜಾಗ ಮಾಡಿಕೊಟ್ಟುದರ ಫಲ.

ಆ ಚೌಕಟ್ಟಿನೊಳಗೆ ಜನ ಬಂದು ತುಂಬಿದರು. ತಮಿಳರು, ಕನ್ನಡಿಗರು, ತುಳುವರು, ಮಲೆಯಾಳಿಗಳು, ಕೊಂಕಣಿಗರು, ಕಚ್ಛಿ ಗುಜರಾತಿಗಳು. ೧೯೪೨ರಲ್ಲಿ ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದಾಗ, ಒಂಟಿಯಾಗಿ ಬಂದು ದುಡಿಯುತ್ತಿದ್ದ ಯುವಕರಿಗೆ ಅದು ಅಡಿಗೆಮನೆಯಾಯಿತು. ಸಂಘಗಳು, ಭಜನಾ ಮಂಡಳಿಗಳು, ಹೂವಿನ ಅಂಗಡಿಗಳು, ಬಾಳೆಲೆ ಮಾರುವವರು, ಕಾಫಿಪುಡಿ ಹುರಿದು ಕೊಡುವವರು ಒಬ್ಬರ ಬೆನ್ನಿಗೊಬ್ಬರು ಬಂದರು. ಇಂದು ಬಿಲ್ಡರನು ತನ್ನ ಬಣ್ಣದ ಪುಸ್ತಿಕೆಯಲ್ಲಿ “ಸಂಸ್ಕೃತಿಯ ನೆಲೆವೀಡು” ಎಂದು ಅಚ್ಚು ಹಾಕಿಸಿ ಮಾರುತ್ತಿರುವುದು ಇದನ್ನೇ. ಇದರಲ್ಲಿ ಒಂದು ಕಾಸಿನಷ್ಟನ್ನೂ ಆತ ಮಾಡಿದ್ದಲ್ಲ.

ಹಾಗಾದರೆ ಈ ಕಟ್ಟಡಗಳು ಬಿದ್ದುದೇಕೆ? ಯುದ್ಧಕಾಲದ ಇಕ್ಕಟ್ಟಿನಲ್ಲಿ ಬಾಡಿಗೆ ಏರದಂತೆ ತಡೆಯಲು ಸರಕಾರ ಕ್ರಮ ಕೈಗೊಂಡಿತು. ೧೯೪೭ರ ಮುಂಬಯಿ ಬಾಡಿಗೆ ಕಾಯಿದೆ, ೧೯೪೦ರ ಸೆಪ್ಟೆಂಬರ್ ಒಂದರಂದು ಇದ್ದ ಬಾಡಿಗೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿತು. ಇದರಿಂದ ಲಕ್ಷಾಂತರ ಬಡ ಮತ್ತು ಮಧ್ಯಮ ವರ್ಗದ ಕುಟುಂಬಗಳು ನಗರದ ನಡುವೆ ಉಳಿಯುವುದು ಸಾಧ್ಯವಾಯಿತು. ನಮ್ಮವರೂ ಅವರಲ್ಲಿ ಸೇರಿದ್ದರು. ಆದರೆ ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಬಾಡಿಗೆ ಬರುವ ಕಟ್ಟಡಕ್ಕೆ ಸುಣ್ಣ ಬಳಿಸಲು ಮಾಲಿಕನಿಗೆ ಮನಸ್ಸು ಬರಲಿಲ್ಲ. ಖೋಲಿ ಕೈ ಬದಲಾಗುವಾಗ ಪಗಡಿಯ ಹಣ ಕತ್ತಲಲ್ಲಿ ಓಡಾಡಿತು. ಅದಕ್ಕೆ ಕಾನೂನಿನ ಮಾನ್ಯತೆ ಬಂದುದು ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದ. ಈ ನಡುವೆ ಮಳೆಗಾಲಗಳಲ್ಲಿ ಕಟ್ಟಡಗಳು ಕುಸಿಯತೊಡಗಿದವು. ೧೯೬೯ರಲ್ಲಿ ಶಾಸನವೊಂದು ಬಂದು, ಹಳೆಯ ಕಟ್ಟಡಗಳಿಂದ ಸೆಸ್ ವಸೂಲು ಮಾಡಿ ದುರಸ್ತಿ ನಡೆಸುವ ಮಂಡಳಿ ಏರ್ಪಟ್ಟಿತು. ಆಗ ದ್ವೀಪನಗರದಲ್ಲಿ ಹೀಗೆ ಸೆಸ್‌ಗೆ ಒಳಪಟ್ಟ ಕಟ್ಟಡಗಳು ೧೯,೬೪೨. ಮರದ ತೊಲೆಗೆ ಟೇಕು ಕೊಟ್ಟು, ಬಿರುಕಿಗೆ ಸಿಮೆಂಟು ಮೆತ್ತಿ ಇಷ್ಟನ್ನೂ ಎಷ್ಟು ಕಾಲ ನಿಲ್ಲಿಸಿಡಲು ಸಾಧ್ಯ?

ಆದ್ದರಿಂದ ಹೊಸ ವ್ಯವಸ್ಥೆ ಬಂತು. ಬಿಲ್ಡರನು ಹಳೆಯ ಕಟ್ಟಡವನ್ನು ಕೆಡವಿ ಪ್ರತಿ ಬಾಡಿಗೆದಾರ ಕುಟುಂಬಕ್ಕೂ ಅದೇ ಜಾಗದಲ್ಲಿ ಉಚಿತವಾಗಿ ಹೊಸ ಮನೆ ಕಟ್ಟಿಕೊಡಬೇಕು. ಇದಕ್ಕೆ ಪ್ರತಿಫಲವಾಗಿ ಹೆಚ್ಚಿನ ಅಂತಸ್ತುಗಳನ್ನು ಎಬ್ಬಿಸಿ ಪೇಟೆಯ ಬೆಲೆಗೆ ಮಾರಿಕೊಳ್ಳಬಹುದು. ೨೦೧೮ರಲ್ಲಿ ಜಾರಿಗೆ ಬಂದ ನಗರ ನಿಯಮಾವಳಿಯ ಪ್ರಕಾರ ಸೆಸ್ ಕಟ್ಟಡದ ವಾಸದ ಬಾಡಿಗೆದಾರನಿಗೆ ಕನಿಷ್ಠ ೩೦೦ ಚದರಡಿ ಕಾರ್ಪೆಟ್ ಸಿಗಬೇಕು. ನಾವು ಕೊಳ್ಳಲು ಹೊರಡುವ ಹೊಸ ಮನೆ ಈ ಮಾರಾಟದ ಪಾಲಿನಿಂದ ಬರುವಂಥದು. ನಮ್ಮ ಹಣದಿಂದಲೇ ಹಳೆಯವರ ಮನೆಯೂ ಕಟ್ಟಲ್ಪಡಬೇಕು. ಇದನ್ನು ಕೊಳ್ಳುವವರು ಬಹಳ ಮಂದಿ ಯೋಚಿಸಿಯೇ ಇರುವುದಿಲ್ಲ. ಮುಂದೆ ಇದರ ಬಗ್ಗೆ ಹೇಳುವುದಿದೆ. ಮೊದಲು ಮನೆಯೊಳಗೆ ಹೋಗೋಣ.

ಒಳಗೆ ಹೋದರೆ ಮೊದಲು ಮೆಚ್ಚಬೇಕಾದ ಗುಣ ಕಣ್ಣಿಗೆ ಬೀಳುತ್ತದೆ. ಬಚ್ಚಲು, ಕಕ್ಕಸು ಒಳಗೇ ಇವೆ. ಇಪ್ಪತ್ತನಾಲ್ಕು ಗಂಟೆ ನೀರಿಲ್ಲದಿದ್ದರೂ ತೊಟ್ಟಿಯ ನೀರು ನಲ್ಲಿಯಲ್ಲಿ ಬರುತ್ತದೆ. ಲಿಫ್ಟು ಇದೆ. ಚಾಳಿನ ಬದುಕನ್ನು ನೆನೆದು ಕಣ್ಣೀರು ತರಿಸುವ ಬರಹಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥ ಬರಹಗಳನ್ನು ಬರೆದವರು ಹೆಚ್ಚಾಗಿ ಗಂಡಸರು ಎಂಬುದನ್ನು ಗಮನಿಸಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೀರು ಹಿಡಿದವರು, ಹೆರಿಗೆಯಾದ ಹತ್ತನೆಯ ದಿನ ಗ್ಯಾಲರಿಯ ತುದಿಯ ಸಾರ್ವಜನಿಕ ಕಕ್ಕಸಿನ ಮುಂದೆ ಸರದಿ ನಿಂತವರು, ಮಲಗಿದ ಹತ್ತು ಜನರ ಕಾಲು ದಾಟಿ ಮೋರಿಯ ಬಳಿ ಸೀರೆ ಬದಲಿಸಿದವರು ಆ ಕಾಲವನ್ನು ಹಾಗೆ ನೆನೆಯುವುದಿಲ್ಲ. ೧೯೨೦ರ ದಶಕದಲ್ಲಿ ಸರಕಾರವೇ ಕಟ್ಟಿದ ಬಿಡಿಡಿ ಚಾಳುಗಳ ಒಂದೊಂದು ಕೋಣೆ ೧೬೦ ಚದರಡಿಯದು. ಅಂಥ ಕೋಣೆಯಲ್ಲಿ ಮೂರು ತಲೆಮಾರು ಒಟ್ಟಿಗೆ ಬಾಳಿದ ಮನೆಗಳಿವೆ. ಬಾಸು ಚಟರ್ಜಿಯವರು ೧೯೭೨ರಲ್ಲಿ ತೆಗೆದ ‘ಪಿಯಾ ಕಾ ಘರ್’ ಚಿತ್ರವನ್ನು ನೋಡಿದವರಿಗೆ ನೆನಪಿರಬಹುದು. ಹಳ್ಳಿಯಿಂದ ಮದುವೆಯಾಗಿ ಬಂದ ಹುಡುಗಿಗೆ ಗಂಡನೊಡನೆ ಎರಡು ಮಾತಾಡಲು ಮನೆಯಲ್ಲಿ ಮೂಲೆಯಿಲ್ಲ. ಪ್ರೇಕ್ಷಕರು ನಕ್ಕರು, ಆದರೆ ಆ ನಗೆಯ ಹಿಂದೆ ಇದ್ದುದು ಅವರವರ ಮನೆಯ ಸಂಕಟವೇ. ಆದ್ದರಿಂದ ಬಾಗಿಲು ಹಾಕಿಕೊಳ್ಳಬಲ್ಲ ಒಂದು ಕೋಣೆಯನ್ನು ಕೊಟ್ಟ ಹೊಸ ಮನೆಗೆ ನಾವು ಮೊದಲು ಕೃತಜ್ಞತೆ ಹೇಳಬೇಕು.

ಇಷ್ಟನ್ನು ಒಪ್ಪಿಕೊಂಡ ಮೇಲೆ ದೋಷಗಳನ್ನು ನೋಡಬಹುದು. ಮೊದಲನೆಯದು ಬಿಸಿಲು ಗಾಳಿಯದು. ಹಳೆಯ ಬಡಾವಣೆಯ ಜೀವಾಳವೇ ಕಟ್ಟಡಗಳ ನಡುವಿನ ಖಾಲಿ ಜಾಗ ಎಂದೆವಷ್ಟೆ. ಪುನರ್ನಿರ್ಮಾಣದಲ್ಲಿ ಆ ಖಾಲಿ ಜಾಗದ ಕೊರತೆಗೆ ರಿಯಾಯಿತಿ ಸಿಗುತ್ತದೆ. ಮೂರು ಅಂತಸ್ತಿನ ಕಟ್ಟಡಕ್ಕೆ ಸಾಕಾಗಿದ್ದ ಅಂತರದಲ್ಲಿ ಇಪ್ಪತ್ತು ಅಂತಸ್ತು ಎದ್ದರೆ, ಪಕ್ಕದ ನಿವೇಶನದಲ್ಲೂ ನಾಳೆ ಅದೇ ಆದರೆ, ಕೆಳಗಿನ ಹತ್ತು ಅಂತಸ್ತಿನ ಕಿಟಕಿಗಳಿಗೆ ಎದುರಿನ ಮನೆಯ ಅಡಿಗೆಮನೆಯೇ ದೃಶ್ಯ. ನಮಗೆ ಪರಿಚಯದ ಮನೆಯೊಂದರಲ್ಲಿ ವೃದ್ಧ ತಾಯಿ ಮಗನಿಗೆ ಹೇಳುತ್ತಿದ್ದ ಮಾತು: “ಮಗಾ, ಹೊರಗೆ ಮಳೆ ಬರುತ್ತದೋ ಬಿಸಿಲಿದೆಯೋ ನಿನ್ನ ಈ ಮನೆಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಕೆಳಗೆ ಹೋದವರು ಬಂದು ಹೇಳಬೇಕು.” ಆ ಮನೆಯಲ್ಲಿ ಹಗಲು ಹನ್ನೊಂದಕ್ಕೂ ದೀಪ ಉರಿಯುತ್ತದೆ.

ಎರಡನೆಯದು ಬಾಲ್ಕನಿಯ ಕಥೆ. ೨೦೧೨ಕ್ಕೆ ಮುಂಚೆ ಮುಂಬಯಿಯ ನಿಯಮಗಳಲ್ಲಿ ಬಾಲ್ಕನಿ, ಹೂಗಿಡದ ತೊಟ್ಟಿ ಮುಂತಾದವು ಕೆಲವು ಮಿತಿಗಳೊಳಗೆ ನೆಲವಿಸ್ತೀರ್ಣದ ಲೆಕ್ಕದಿಂದ ಹೊರಗಿದ್ದವು. ಬಿಲ್ಡರರು ನಕ್ಷೆಯಲ್ಲಿ ಹೂಗಿಡದ ತೊಟ್ಟಿ ಬರೆದು, ಕಟ್ಟಿದ ಮೇಲೆ ಅದನ್ನು ಕೋಣೆಗೆ ಸೇರಿಸಿ, ಕೋಣೆಯ ಬೆಲೆಗೇ ಮಾರಿದರು. ಹೂವಿಲ್ಲದ ಈ ತೋಟಗಾರಿಕೆಯನ್ನು ನಿಲ್ಲಿಸಲು ೨೦೧೨ರ ಜನವರಿಯಲ್ಲಿ ನಿಯಮ ಬದಲಾಯಿತು. ಎಲ್ಲವೂ ವಿಸ್ತೀರ್ಣದ ಲೆಕ್ಕಕ್ಕೆ ಸೇರಿದವು. ಅದಕ್ಕೆ ಬದಲಾಗಿ ವಾಸದ ಕಟ್ಟಡಗಳಿಗೆ ಶೇಕಡಾ ೩೫ರಷ್ಟು ಹೆಚ್ಚಿನ ವಿಸ್ತೀರ್ಣ ದೊರೆಯುವಂತಾಯಿತು. ಮೋಸ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಬಾಲ್ಕನಿಯ ಒಂದೊಂದು ಅಡಿಯೂ ಕೋಣೆಯ ಅಡಿಯೊಡನೆ ಪೈಪೋಟಿ ಮಾಡಬೇಕಾಗಿ ಬಂದಾಗ, ಚಿಕ್ಕ ಮನೆಯ ನಕ್ಷೆಯಿಂದ ಮೊದಲು ಬಿದ್ದುಹೋದದ್ದು ಬಾಲ್ಕನಿ. ಹಪ್ಪಳ ಒಣಗಿಸಲು, ತುಳಸಿ ಕುಂಡ ಇಡಲು, ಸಂಜೆ ನಿಂತು ಬೀದಿ ನೋಡಲು, ಒಗೆದ ಬಟ್ಟೆ ಹರವಲು ಒಂದೇ ಎಡೆಯಾಗಿದ್ದ ಜಾಗ ಅದು.

ಮೂರನೆಯ ದೋಷ ಕಟ್ಟಡದ ಕಾಲಿನದು. ಕಾರುಗಳಿಗೆ ಜಾಗ ಬೇಕು; ನಿವೇಶನ ಚಿಕ್ಕದು. ಆದ್ದರಿಂದ ಕೆಳಗಿನ ಮೂರು ನಾಲ್ಕು, ಕೆಲವೆಡೆ ಇನ್ನೂ ಹೆಚ್ಚು ಅಂತಸ್ತುಗಳು ಪಾರ್ಕಿಂಗಿಗೆ ಮೀಸಲು. ಹಳೆಯ ಕಟ್ಟಡದಲ್ಲಿ ನೆಲಮಹಡಿಯ ಜಗಲಿಯ ಮೇಲೆ ಅಜ್ಜಂದಿರು ಪೇಪರು ಓದುತ್ತಿದ್ದರು, ಮೊದಲ ಮಹಡಿಯಿಂದ ಅಮ್ಮಂದಿರು ಬುಟ್ಟಿ ಇಳಿಬಿಟ್ಟು ಸೊಪ್ಪು ಕೊಳ್ಳುತ್ತಿದ್ದರು. ಶಾಲೆಯಿಂದ ಬರುವ ಹುಡುಗಿಯನ್ನು ಬೀದಿಯ ಹತ್ತು ಕಣ್ಣುಗಳು ನೋಡಿಕೊಳ್ಳುತ್ತಿದ್ದವು. ಈಗ ಅದೇ ಎತ್ತರದಲ್ಲಿ ಬೀದಿಯನ್ನು ನೋಡುವುದು ಸಿಮೆಂಟಿನ ಜಾಲಂದ್ರ, ಅದರ ಹಿಂದೆ ಕಾರುಗಳು. ಪೇಟೆಯ ಹೆಸರು ಹೇಳಿ ಮಾರಿದ ಕಟ್ಟಡವೇ ಪೇಟೆಗೆ ಬೆನ್ನು ಹಾಕಿ ನಿಂತಿದೆ. ಅಂಥ ಹತ್ತು ಕಟ್ಟಡಗಳು ಸಾಲಾಗಿ ಬಂದರೆ ಸಂಜೆಯ ಬೀದಿ ಹೇಗಿರುತ್ತದೆಂದು ಕಲ್ಪಿಸಿಕೊಳ್ಳಬಹುದು. ಈ ನಿಲುಗಡೆಯ ಜಾಗಕ್ಕೂ ಪ್ರತ್ಯೇಕ ಬೆಲೆ ಹೇಳುವವರಿದ್ದಾರೆ. ಕಟ್ಟಡದ ಕೆಳಗಿನ ಸ್ಟಿಲ್ಟ್ ಪಾರ್ಕಿಂಗು ಎಲ್ಲ ಫ್ಲ್ಯಾಟುದಾರರಿಗೆ ಸೇರಿದ ಸಾಮಾನ್ಯ ಜಾಗ, ಅದನ್ನು ಬೇರೆಯಾಗಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟು ೨೦೧೦ರಲ್ಲಿಯೇ ತೀರ್ಪು ಕೊಟ್ಟಿದೆಯೆಂಬುದನ್ನು ನಮ್ಮವರು ತಿಳಿದಿರಬೇಕು.

ನಾಲ್ಕನೆಯದು ಹೊಸ್ತಿಲಿನದು. ಚಾಳಿನ ಕೋಣೆ ಚಿಕ್ಕದಾಗಿದ್ದರೂ ಮುಂದೆ ಗ್ಯಾಲರಿ ಇತ್ತು. ಅದು ಎಲ್ಲರದೂ ಆಗಿತ್ತು. ಮಗು ಅಲ್ಲಿ ಅಂಬೆಗಾಲಿಟ್ಟಿತು, ಅಕ್ಕಿ ಆರಿಸುವುದು ಅಲ್ಲಿ ನಡೆಯಿತು, ಜಗಳವೂ ಅಲ್ಲೇ ಆಗಿ ಅಲ್ಲೇ ಮುಗಿಯಿತು. ಹೊಸ ಕಟ್ಟಡದಲ್ಲಿ ಲಿಫ್ಟಿನಿಂದ ಇಳಿದರೆ ನಾಲ್ಕು ಮುಚ್ಚಿದ ಬಾಗಿಲುಗಳಿರುವ, ಹಗಲಲ್ಲೂ ದೀಪ ಬೇಕಾದ ಸಣ್ಣ ಜಾಗ. ಚಪ್ಪಲಿಯ ಕಪಾಟು ಇಟ್ಟರೆ ಸೊಸೈಟಿಯ ನೋಟೀಸು ಬರುತ್ತದೆ. ಮುನ್ನೂರೈವತ್ತು ಚದರಡಿಯ ಬದುಕು ಪೂರ್ತಿ ಬಾಗಿಲೊಳಗೇ ನಡೆಯಬೇಕು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೆಂಗಳೂರಿನ ಕುಟುಂಬವೊಂದರ ಕಥೆ. ಇಕ್ಕಟ್ಟಿನ ಮನೆಯಲ್ಲಿದ್ದಾಗ ಎಲ್ಲರ ಕಷ್ಟವೂ ಎಲ್ಲರಿಗೂ ಕೇಳುತ್ತಿತ್ತು. ಹಣ ಬಂದು ದೊಡ್ಡ ಮನೆಗೆ ಹೋದ ಮೇಲೆ ಒಬ್ಬೊಬ್ಬರೂ ಒಂದೊಂದು ಕೋಣೆ ಸೇರಿದರು, ಸಂಬಂಧಗಳ ಸ್ವರೂಪವೇ ಬದಲಾಯಿತು. ನಮ್ಮ ಹೊಸ ಮನೆಯವರ ಪಾಡು ಇದಕ್ಕಿಂತ ಸ್ವಲ್ಪ ಬೇರೆ. ಇಲ್ಲಿ ಮನೆ ದೊಡ್ಡದಾಗಲಿಲ್ಲ, ಆದರೂ ನೆರೆಯವರು ದೂರವಾದರು.

ಇನ್ನು ಹಣದ ಮಾತು. ೧೯೭೭ರಲ್ಲಿ ಭೀಮಸೇನ್ ಅವರ ‘ಘರೋಂದಾ’ ಬಂದಿತ್ತು. ಅಮೋಲ್ ಪಾಲೇಕರ್ ಮತ್ತು ಜರೀನಾ ವಹಾಬ್ ಅಭಿನಯಿಸಿದ ಆ ಜೋಡಿ ಮದುವೆಗೆ ಮುಂಚೆ ಫ್ಲ್ಯಾಟು ಕೊಳ್ಳಬೇಕೆಂದು ಕಾಸಿಗೆ ಕಾಸು ಕೂಡಿಸುತ್ತದೆ. ಬಿಲ್ಡರನು ಹಣ ನುಂಗಿ ಮಾಯವಾಗುತ್ತಾನೆ. ಮನೆಯ ಆಸೆ ಮನುಷ್ಯರನ್ನು ಎಂಥ ಲೆಕ್ಕಾಚಾರಕ್ಕೆ ಇಳಿಸುತ್ತದೆ ಎಂಬುದನ್ನು ಆ ಚಿತ್ರ ನಿಷ್ಠುರವಾಗಿ ತೋರಿಸಿತು. ಚಿತ್ರ ಬರುವ ಹದಿನಾಲ್ಕು ವರ್ಷ ಮುಂಚೆಯೇ, ೧೯೬೩ರಲ್ಲಿ, ಮಹಾರಾಷ್ಟ್ರದಲ್ಲಿ ಓನರ್‌ಶಿಪ್ ಫ್ಲ್ಯಾಟುಗಳ ಕಾಯಿದೆ ಜಾರಿಗೆ ಬಂದಿತ್ತೆಂಬುದು ಗಮನಾರ್ಹ. ಕಾಯಿದೆ ಪುಸ್ತಕದಲ್ಲಿತ್ತು, ಹಣ ಬಿಲ್ಡರನ ಕೈಯಲ್ಲಿತ್ತು. ಅನೇಕ ಸೊಸೈಟಿಗಳಿಗೆ ತಮ್ಮ ಕಟ್ಟಡ ನಿಂತ ನೆಲವೇ ದಶಕಗಳ ಕಾಲ ವರ್ಗವಾಗಲಿಲ್ಲ. ಬಿಲ್ಡರನು ಸಹಿ ಹಾಕದಿದ್ದರೂ ನೆಲ ವರ್ಗವಾಗುವ ದಾರಿಯನ್ನು ೨೦೦೮ರ ತಿದ್ದುಪಡಿಯಲ್ಲಿ ಮಾಡಬೇಕಾಯಿತು.

ಈಗಿನ ಸ್ಥಿತಿ ಅಷ್ಟು ಅಸಹಾಯಕವಲ್ಲ. ೨೦೧೬ರ ರೇರಾ ಕಾಯಿದೆಯ ಪ್ರಕಾರ, ನೋಂದಾಯಿತ ಕರಾರು ಆಗುವ ಮುಂಚೆ ಬಿಲ್ಡರನು ಬೆಲೆಯ ಶೇಕಡಾ ೧೦ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡಾ ೭೦ನ್ನು ಅದೇ ಯೋಜನೆಯ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಕಟ್ಟಡದ ರಚನೆಯಲ್ಲಿ ಐದು ವರ್ಷಗಳೊಳಗೆ ದೋಷ ಕಂಡರೆ ಸ್ವಂತ ಖರ್ಚಿನಿಂದ ಸರಿಪಡಿಸಿ ಕೊಡಬೇಕು. ಕಾರ್ಪೆಟ್ ಏರಿಯಾ ಎಂದರೇನೆಂಬುದಕ್ಕೂ ನಿಶ್ಚಿತ ಅರ್ಥ ಬಂದಿದೆ: ಹೊರಗೋಡೆಗಳನ್ನೂ ಬಾಲ್ಕನಿಯನ್ನೂ ಬಿಟ್ಟು, ಒಳಗೋಡೆಗಳನ್ನು ಸೇರಿಸಿಕೊಂಡು ಬಳಕೆಗೆ ಸಿಗುವ ನೆಲ. ಬಿಲ್ಟ್-ಅಪ್, ಸೂಪರ್ ಬಿಲ್ಟ್-ಅಪ್ ಎಂದು ಲಿಫ್ಟು ಮೆಟ್ಟಲುಗಳನ್ನೂ ಸೇರಿಸಿ ಅಂಕಿ ಉಬ್ಬಿಸಿ ಹೇಳುವವರ ಮುಂದೆ ಈ ಅರ್ಥವನ್ನು ಹಿಡಿದು ಕೂರಬೇಕು.

ಕಟ್ಟುತ್ತಿರುವ ಮನೆಗೂ ಕಟ್ಟಿ ಮುಗಿದ ಮನೆಗೂ ಖರ್ಚಿನಲ್ಲಿ ವ್ಯತ್ಯಾಸವಿದೆ. ಲೆಕ್ಕದ ಅನುಕೂಲಕ್ಕೆ ಬೆಲೆ ಒಂದು ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. ಮುಂಬಯಿಯಲ್ಲಿ ಮುದ್ರಾಂಕ ಶುಲ್ಕ ಶೇಕಡಾ ೬, ಅಂದರೆ ಆರು ಲಕ್ಷ. ಮಹಿಳೆಯ ಹೆಸರಿನಲ್ಲಿ ಕೊಂಡರೆ ಶೇಕಡಾ ೧ ಕಡಿಮೆ. ನೋಂದಣಿ ಶುಲ್ಕ ಮೂವತ್ತು ಸಾವಿರ. ಕಟ್ಟಡ ಇನ್ನೂ ಮುಗಿದಿಲ್ಲವಾದರೆ ಇದರ ಮೇಲೆ ಶೇಕಡಾ ೫ ಜಿಎಸ್‌ಟಿ, ಅಂದರೆ ಇನ್ನೂ ಐದು ಲಕ್ಷ. ಓಸಿ ಬಂದ ಮೇಲೆ ಮಾರುವ ಮನೆಗೆ ಈ ತೆರಿಗೆ ಇಲ್ಲ. ಮುಗಿದ ಮನೆಗೆ ಬಿಲ್ಡರನು ಹೆಚ್ಚು ಬೆಲೆ ಹೇಳುತ್ತಾನೆ, ನಿಜ. ಆದರೆ ಕಿಟಕಿಯಿಂದ ಬರುವ ಬೆಳಕನ್ನು ಸ್ವತಃ ನಿಂತು ನೋಡಬಹುದು, ನಕ್ಷೆಯನ್ನು ನಂಬಬೇಕಾಗಿಲ್ಲ. ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಕಟ್ಟುತ್ತ ವರ್ಷಾನುಗಟ್ಟಲೆ ಕಾಯುವ ಪಾಡೂ ತಪ್ಪುತ್ತದೆ. ಓಸಿ ಇಲ್ಲದ ಕಟ್ಟಡಕ್ಕೆ ಮಾತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಹಾಲು ಉಕ್ಕಿಸಲು ಹೋಗಬಾರದು.

ಇಷ್ಟು ಹೇಳಿದ ಮೇಲೂ ನಮ್ಮ ಮುಖ್ಯ ಆಕ್ಷೇಪಣೆ ಉಳಿದಿದೆ. ನಮ್ಮ ಹೊಸ ಮನೆ ಹುಟ್ಟಿದ್ದು ಹಳೆಯ ಬಾಡಿಗೆದಾರರಿಗೆ ಮನೆ ಕೊಡುವ ಕರಾರಿನಿಂದ ಎಂದೆವಲ್ಲ, ಆ ಬಾಡಿಗೆದಾರರು ಎಲ್ಲಿದ್ದಾರೆ? ಕಟ್ಟಡ ಕೆಡವಿದ ದಿನ ಅವರು ಸಾಮಾನು ಕಟ್ಟಿಕೊಂಡು ಬೇರೆಡೆ ಹೋದರು. ಮೂರು ವರ್ಷದಲ್ಲಿ ಮನೆ ಎಂದು ಹೇಳಿರುತ್ತಾರೆ. ಕೆಲವರಿಗೆ ಹೇಳಿದಂತೆ ಸಿಗುತ್ತದೆ. ಎಷ್ಟೋ ಕಡೆ ಮೂರು ಐದಾಗುತ್ತದೆ, ಐದು ಹತ್ತಾಗುತ್ತದೆ. ಬಿಲ್ಡರನು ಕೊಡಬೇಕಾದ ತಿಂಗಳ ಬಾಡಿಗೆ ನಡುವೆ ನಿಂತುಹೋಗುತ್ತದೆ. ತಮ್ಮ ಪೇಟೆಯಲ್ಲೇ ಕಣ್ಣು ಮುಚ್ಚಬೇಕೆಂದು ಬಯಸಿದ ವೃದ್ಧರು ಎಲ್ಲೋ ದೂರದ ಟ್ರಾನ್ಸಿಟ್ ಕೋಣೆಯಲ್ಲಿ ತೀರಿಕೊಳ್ಳುತ್ತಾರೆ. ಈ ವೃದ್ಧರಲ್ಲಿ ನಮ್ಮವರೂ ಇದ್ದಾರೆ. ಕಟ್ಟಡದ ಮಾರಾಟದ ಭಾಗದಲ್ಲಿ ಕನ್ನಡದ ಮನೆಯೊಂದರಲ್ಲಿ ಗಣಹೋಮ ನಡೆಯುತ್ತಿರುವಾಗ, ಅದೇ ಕಟ್ಟಡದ ಹಳೆಯ ಬಾಡಿಗೆದಾರರಾದ ಇನ್ನೊಂದು ಕನ್ನಡ ಕುಟುಂಬ ಬಾಕಿ ಬಾಡಿಗೆಗಾಗಿ ವಕೀಲರ ಮನೆಗೆ ಅಲೆಯುತ್ತಿರುವುದು ಈ ನಗರದಲ್ಲಿ ಅಸಂಭವವೇನಲ್ಲ.

ಮರಳಿ ಬಂದವರ ಸ್ಥಿತಿಯೂ ಎಲ್ಲ ಕಡೆ ಒಂದೇ ಅಲ್ಲ. ಹಲವೆಡೆ ಹಳೆಯವರಿಗೆ ಒಂದು ಕಟ್ಟಡ, ಕೊಂಡವರಿಗೆ ಇನ್ನೊಂದು. ಎರಡು ಗೇಟು, ಎರಡು ಲಿಫ್ಟು, ಎರಡು ಬಗೆಯ ಟೈಲ್ಸು. ಸೂರ್ಯ ಬೀಳುವ ಕಡೆ ಮಾರಾಟದ ಮನೆ, ಹಿಂದಿನ ಓಣಿಯ ಕಡೆ ಹಳೆಯವರ ಮನೆ. ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆ ಕೊಡುತ್ತಿದ್ದ ಪಿಂಚಣಿದಾರರಿಗೆ ಲಿಫ್ಟು, ಪಂಪು, ವಾಚ್‌ಮನ್ ಎಂದು ಸಾವಿರಾರು ರೂಪಾಯಿಯ ಮೇಂಟೆನೆನ್ಸ್ ಬಿಲ್ಲು ಬರುತ್ತದೆ. ಕೊನೆಗೆ ಮನೆಯನ್ನು ಮಾರಿ ದೂರ ಹೋಗುತ್ತಾರೆ. ಹೀಗೆ ಒಬ್ಬೊಬ್ಬರಾಗಿ ಹೋದವರಲ್ಲಿ ದೇವಸ್ಥಾನದ ಹೂಕಟ್ಟುವವರಿದ್ದರು, ಸಂಘದ ಕುರ್ಚಿ ಜೋಡಿಸುವವರಿದ್ದರು, ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವವರಿದ್ದರು. ಅವರು ಹೋದ ಮೇಲೆ ಉಳಿಯುವುದು ಪೇಟೆಯ ಹೆಸರು ಮಾತ್ರ. ನಾವು ಇಷ್ಟು ಹಣ ತೆತ್ತು ಕೊಂಡದ್ದು ಆ ಜನರ ನೆರೆಹೊರೆಯನ್ನಲ್ಲವೇ?

ಇದನ್ನು ಓದಿದವರು, ಹಾಗಾದರೆ ಹಳೆಯ ಕಟ್ಟಡಗಳನ್ನು ಹಾಗೆಯೇ ಬಿಡಬೇಕಿತ್ತೇ ಎಂದು ಕೇಳಬಹುದು. ಖಂಡಿತ ಅಲ್ಲ. ೨೦೧೭ರ ಆಗಸ್ಟ್ ೩೧ರಂದು ಭೆಂಡಿ ಬಜಾರಿನಲ್ಲಿ ಹುಸೈನಿ ಎಂಬ ಕಟ್ಟಡ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಆ ಕಟ್ಟಡವನ್ನು ಪುನರ್ನಿರ್ಮಾಣಕ್ಕೆಂದು ಗುರುತಿಸಲಾಗಿತ್ತು. ಕೆಲವರು ಬಿಟ್ಟುಹೋಗಿದ್ದರು, ಕೆಲವರು ಉಳಿದಿದ್ದರು. ಪ್ರತಿ ಮಳೆಗಾಲದಲ್ಲೂ ಇಂಥ ಭಯದಲ್ಲಿ ಮಲಗುವವರಿಗೆ ಹೊಸ ಮನೆ ಬೇಕೇ ಬೇಕು. ಕಟ್ಟುವುದನ್ನು ನಾವು ವಿರೋಧಿಸುತ್ತಿಲ್ಲ. ಯಾರಿಗಾಗಿ, ಹೇಗೆ ಕಟ್ಟುತ್ತಾರೆ ಎಂಬುದನ್ನು ಕೇಳುತ್ತಿದ್ದೇವೆ. ಕೊಳ್ಳುವವನು ಬಲಹೀನನೆಂದು ತಿಳಿಯಬೇಕಾಗಿಲ್ಲ. ಈ ಇಡೀ ವ್ಯವಸ್ಥೆ ನಡೆಯುವುದು ಅವನ ಚೆಕ್ಕಿನಿಂದ. ಅವನು ಸಹಿ ಹಾಕುವ ಮುಂಚೆ ಕೇಳಿದ ಪ್ರಶ್ನೆಗೆ ಬಿಲ್ಡರನ ಆಫೀಸಿನಲ್ಲಿ ಸಿಗುವ ಮರ್ಯಾದೆ, ಹತ್ತು ವರ್ಷದಿಂದ ಕಾಯುತ್ತಿರುವ ಬಾಡಿಗೆದಾರನ ಅರ್ಜಿಗೆ ಸಿಗುವುದಿಲ್ಲ.

ಆದ್ದರಿಂದ ನಮ್ಮ ತೀರ್ಪು ಹೀಗಿದೆ. ಹಳೆಯ ಪೇಟೆಯಲ್ಲಿ ಚಿಕ್ಕ ಹೊಸ ಮನೆ ಕೊಳ್ಳಬಹುದು. ದೂರದ ದೊಡ್ಡ ಮನೆಗಿಂತ ಅದು ಹಲವರಿಗೆ ಹೆಚ್ಚು ಸುಖ ಕೊಡಲೂಬಹುದು. ಆದರೆ ಕೊಳ್ಳುವ ಮುಂಚೆ ಮೂರು ಸಲವಾದರೂ ಹೋಗಿ ನೋಡಬೇಕು: ಒಮ್ಮೆ ಮಧ್ಯಾಹ್ನ, ಒಮ್ಮೆ ರಾತ್ರಿ, ಒಮ್ಮೆ ಜೋರು ಮಳೆಯಲ್ಲಿ. ಕಿಟಕಿ ಬೀದಿಯ ಕಡೆಗಿದೆಯೇ, ಎರಡು ದಿಕ್ಕಿನಿಂದ ಗಾಳಿ ಬರುತ್ತದೆಯೇ, ಪಕ್ಕದ ಹಳೆಯ ಕಟ್ಟಡ ನಾಳೆ ಬಿದ್ದು ಎತ್ತರವಾದರೆ ಈ ಕಿಟಕಿಗೆ ಏನು ಉಳಿಯುತ್ತದೆ ಎಂದು ಯೋಚಿಸಬೇಕು. ಲಿಫ್ಟು ಕೆಟ್ಟ ದಿನ ಹತ್ತಿ ಇಳಿಯಬಹುದಾದ ಅಂತಸ್ತು ವೃದ್ಧರಿರುವ ಮನೆಗೆ ಮೇಲು. ಎತ್ತರದ ಅಂತಸ್ತಿಗೆ ಹೆಚ್ಚಿನ ಬೆಲೆ ತೆರುವ ಮೊದಲು ಇದನ್ನು ಮನೆಯ ಹಿರಿಯರೊಡನೆ ಮಾತಾಡಬೇಕು. ರೇರಾ ನೋಂದಣಿ, ಓಸಿ, ಕಾರ್ಪೆಟ್ಟಿನ ಅಳತೆ, ಕರಾರಿನಲ್ಲಿ ಪಾರ್ಕಿಂಗಿನ ಉಲ್ಲೇಖ ಇವನ್ನು ವಕೀಲರಿಗೆ ತೋರಿಸಬೇಕು.

ಇವೆಲ್ಲಕ್ಕಿಂತ ಮುಂಚೆ ಒಂದು ಪ್ರಶ್ನೆ ಕೇಳಬೇಕು: “ಹಳೆಯ ಬಾಡಿಗೆದಾರರು ಎಲ್ಲರೂ ಮರಳಿ ಬಂದರೇ?” ಉತ್ತರಕ್ಕೆ ಮಾರಾಟದ ಆಫೀಸಿನಲ್ಲಿ ಕೂರಬೇಕಾಗಿಲ್ಲ. ಎದುರಿನ ಕಿರಾಣಿ ಅಂಗಡಿಯವರನ್ನೋ, ಹೂ ಮಾರುವವರನ್ನೋ, ಇಸ್ತ್ರಿ ಮಾಡುವವರನ್ನೋ ಕೇಳಿದರೆ ಸಾಕು. ಯಾರು ಬಂದರು, ಯಾರು ಇನ್ನೂ ಕಾಯುತ್ತಿದ್ದಾರೆ, ಯಾರ ಬಾಡಿಗೆ ಎಷ್ಟು ತಿಂಗಳಿಂದ ಬಾಕಿಯಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಹಳೆಯವರಿಗೆ ಹೇಳಿದ ಮಾತನ್ನು ನಡೆಸದ ಬಿಲ್ಡರನು ಹೊಸಬರಿಗೆ ಕೊಟ್ಟ ಮಾತನ್ನು ನಡೆಸುತ್ತಾನೆಂದು ನಂಬಲು ಕಾರಣವಿಲ್ಲ. ಆದ್ದರಿಂದ ಈ ಪ್ರಶ್ನೆಯಲ್ಲಿ ನ್ಯಾಯವೂ ಇದೆ, ನಮ್ಮ ಸ್ವಂತ ಹಿತವೂ ಇದೆ.

ಕೊಂಡ ಮೇಲೂ ಕೆಲಸ ಮುಗಿಯುವುದಿಲ್ಲ. ಸೊಸೈಟಿಯ ಸಭೆಗೆ ನಮ್ಮವರು ಹೋಗುವುದು ಕಡಿಮೆ. ಹೋದರೂ ಹಿಂದಿನ ಸಾಲಿನಲ್ಲಿ ಕೂತು ಚಹಾ ಕುಡಿದು ಬರುತ್ತಾರೆ. ಎರಡು ಗೇಟಿನ ನಡುವಿನ ಗೋಡೆ ಬೇಕೇ, ಪಿಂಚಣಿದಾರರ ಮೇಂಟೆನೆನ್ಸ್ ಹೇಗೆ ಹಂಚಬೇಕು, ಟೆರೇಸಿನಲ್ಲಿ ಹಬ್ಬಕ್ಕೆ ಎಲ್ಲರೂ ಸೇರಬಹುದೇ, ಕೆಳಗಿನ ಖಾಲಿ ಮೂಲೆಯಲ್ಲಿ ನಾಲ್ಕು ಬೆಂಚು ಹಾಕಬಹುದೇ ಎಂಬ ನಿರ್ಧಾರಗಳು ಆ ಸಭೆಯಲ್ಲೇ ಆಗುತ್ತವೆ. ಬಿಲ್ಡರನು ಕಟ್ಟದೆ ಬಿಟ್ಟ ಗ್ಯಾಲರಿಯನ್ನು ಅಷ್ಟಿಷ್ಟಾದರೂ ಕಟ್ಟಿಕೊಳ್ಳುವುದು ಅಲ್ಲಿ ಸಾಧ್ಯ. ಸಂಘದ ಸದಸ್ಯರಲ್ಲಿ ವಕೀಲರಿದ್ದಾರೆ, ಇಂಜಿನಿಯರುಗಳಿದ್ದಾರೆ, ಬ್ಯಾಂಕಿನಲ್ಲಿ ಗೃಹಸಾಲ ನೋಡಿಕೊಂಡು ನಿವೃತ್ತರಾದವರಿದ್ದಾರೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಅವರು ಕೂತು, ಮನೆ ಕೊಳ್ಳಲಿರುವವರ ಕಾಗದಪತ್ರಗಳನ್ನೂ, ಮನೆಗಾಗಿ ಕಾಯುತ್ತಿರುವ ಹಳೆಯ ಬಾಡಿಗೆದಾರರ ಕಾಗದಪತ್ರಗಳನ್ನೂ ಒಂದೇ ಮೇಜಿನ ಮೇಲೆ ನೋಡುವಂತಾದರೆ ಒಳ್ಳೆಯದು. ಈ ಸಲಹೆಯನ್ನು ಕಾರ್ಯಕಾರಿ ಸಮಿತಿಯ ಮುಂದಿಡುತ್ತಿದ್ದೇವೆ. ಇಂಥ ಮನೆಗಳಲ್ಲಿ ಈಗಾಗಲೇ ವಾಸವಾಗಿರುವ ಓದುಗರು ತಮ್ಮ ಅನುಭವವನ್ನು, ನಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಸರಿಯೆ, ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.